ಬೇಗೆಯ ಕಾರಣವೂ ನಮ್ಮ ಕರ್ತವ್ಯವೂ

ನಮ್ಮ ಕಲಬುರಗಿ ಸೀಮೆಯಲ್ಲಿ ನಾಲ್ಕು ಜನರು ಕಟ್ಟೆಯ ಮೇಲೆ ಕೂಡಿದರೆ ಈಗಿನ ಕಾಲದಲ್ಲಿ ಒಂದು ಮಾತು ಬಾರದೆ ಇರುವದಿಲ್ಲ. ಬಿಸಿಲು ಹೆಚ್ಚಾಯಿತು, ಮಳೆಯು ಹೊತ್ತಿಗೆ ಬಾರದು, ಬಂದರೆ ಒಂದೇ ಸಾರಿ ಸುರಿದು ಹೊಲದ ಮಣ್ಣನ್ನು ಕೊಚ್ಚಿಕೊಂಡು ಹೋಗುವದು ಎಂಬದೇ ಆ ಮಾತು. ಇದರಲ್ಲಿ ಎಲ್ಲರೂ ಒಮ್ಮತದವರೇ. ಆದರೆ ಇದು ಯಾತರಿಂದ ಆಯಿತೆಂದು ಕೇಳಿದ ಕೂಡಲೇ ಆ ಒಮ್ಮತವು ಮುರಿದು ಹೋಗುವದು. ಒಬ್ಬನು ಇದು ಕಲಿಗಾಲದ ಲಕ್ಷಣವೆನ್ನುವನು. ಮತ್ತೊಬ್ಬನು ದೇವರ ಸಿಟ್ಟೆನ್ನುವನು. ಮೂರನೆಯವನು ಗಾಡಿ ಕಾರಖಾನೆಗಳ ಹೊಗೆಯೆನ್ನುವನು. ನಾಲ್ಕನೆಯವನು ನಮ್ಮ ಅಜ್ಜನ ಕಾಲದಲ್ಲಿಯೂ ಹೀಗೆಯೇ ಇತ್ತು, ಇದರಲ್ಲಿ ಹೊಸದೇನೂ ಇಲ್ಲವೆನ್ನುವನು. ವಾದವು ಬೆಳೆಯುವದು, ಹೊತ್ತು ಮುಳುಗುವದು, ಎಲ್ಲರೂ ಎದ್ದು ಮನೆಗೆ ಹೋಗುವರು. ಹೂಳು ತುಂಬಿದ ಕೆರೆಯು ಮಾತ್ರ ಹಾಗೆಯೇ ಉಳಿಯುವದು.

ಇಲ್ಲಿ ಆಲೋಚಿಸತಕ್ಕ ಪ್ರಶ್ನೆ ಏನಂದರೆ: ಒಂದು ಕೇಡು ಎಲ್ಲಿಂದ ಬಂತೆಂದು ನಿಶ್ಚಯವಾಗುವ ತನಕ ಅದನ್ನು ತಡೆಯುವ ಕೆಲಸಕ್ಕೆ ಕೈ ಹಚ್ಚದೆ ಇರುವದು ನ್ಯಾಯವೋ? ಇಲ್ಲವೆ, ಕಾರಣವು ಯಾವದಾದರೂ ಆಗಲಿ, ಕೇಡು ಕಣ್ಣ ಮುಂದೆ ಇರುವಾಗ ಕೆಲಸವನ್ನು ಮಾಡಲೇಬೇಕೋ? ಹವಾಮಾನದ ಬದಲಾವಣೆಯ ವಿಷಯವಾಗಿ ದೊಡ್ಡ ದೇಶಗಳ ಸಭೆಗಳಲ್ಲಿ ನಡೆದ ವಾದವೂ ನಮ್ಮ ಊರ ಕಟ್ಟೆಯ ಮೇಲಿನ ವಾದವೂ ಬಹಳ ಮಟ್ಟಿಗೆ ಈ ಪ್ರಶ್ನೆಯ ಸುತ್ತಲೇ ತಿರುಗುತ್ತವೆ.

ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಊರ ಹೊರಗೆ ಕಟ್ಟೆ ಬಿದ್ದುಹೋದ ಒಂದು ಬಾವಿ ಉಂಟೆನ್ನಿರಿ. ಅದರಲ್ಲಿ ಒಂದು ಕೂಸು ಬಿತ್ತು. ಹಗ್ಗ ಹಿಡಿದ ಒಬ್ಬನು ದಂಡೆಯಲ್ಲಿ ನಿಂತು, "ಈ ಕಟ್ಟೆಯು ಮಳೆಗೆ ಬಿತ್ತೋ, ಕಲ್ಲು ಕದ್ದವರು ಕಿತ್ತರೋ, ಅದು ಮೊದಲು ಗೊತ್ತಾಗಲಿ, ಆಮೇಲೆ ಹಗ್ಗ ಬಿಡುತ್ತೇನೆ" ಎಂದರೆ ಅವನಿಗೆ ಏನನ್ನೋಣ? ಕಟ್ಟೆಯನ್ನು ಕೆಡವಿದ ತಪ್ಪು ಅವನದಲ್ಲದೆ ಇರಬಹುದು. ಆದರೆ ಕೂಸು ಸತ್ತರೆ ಆ ಸಾವಿನಲ್ಲಿ ಅವನಿಗೆ ಪಾಲಿಲ್ಲವೆಂದು ಯಾರೂ ಹೇಳರು. ಹಗ್ಗವು ಅವನ ಕೈಯಲ್ಲಿ ಇದ್ದದ್ದೇ ಅವನ ಹೊಣೆ. ಇನ್ನು ಕೂಸನ್ನು ಮೇಲಕ್ಕೆ ಎತ್ತಿದ ಮೇಲೆ, ಕಟ್ಟೆಯು ಹೇಗೆ ಬಿತ್ತೆಂದು ಒಬ್ಬರೂ ಕೇಳದೆ ಮನೆಗೆ ಹೋದರೆ, ನಾಳೆ ಇನ್ನೊಂದು ಕೂಸು ಬೀಳುವದು. ಹೀಗೆ ಕರ್ತವ್ಯವು ಎರಡು ಬಗೆ: ಒಂದು, ಕಾರಣವನ್ನು ಕೇಳದೆ ಮಾಡತಕ್ಕದ್ದು, ಇನ್ನೊಂದು, ಕಾರಣವನ್ನು ಕೇಳಿಯೇ ಮಾಡತಕ್ಕದ್ದು. ಇವೆರಡನ್ನೂ ಕಲಸಿ ಒಂದೇ ಎಂದು ತಿಳಿಯುವದರಿಂದಲೇ ನಮ್ಮ ವಾದಗಳು ಬಗೆಹರಿಯದೆ ಉಳಿಯುತ್ತವೆ.

1. ಕಾರಣವನ್ನು ಕೇಳದೆ ಮಾಡತಕ್ಕದ್ದು

ಮೊದಲು, ನಮ್ಮ ಸೀಮೆಯಲ್ಲಿ ಅಪಾಯಕ್ಕೆ ಒಳಗಾಗಿರುವದು ಏನೆಂಬದನ್ನು ನೋಡುವ. ಕಲಬುರಗಿ ಪಟ್ಟಣದಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿ ಕಮಲಾಪುರವಿದೆ. ಅಲ್ಲಿಯ ಕಣಿವೆಯಲ್ಲಿ ಬೆಳೆಯುವ ಕೆಂಪು ಬಾಳೆಯು ದೇಶದಲ್ಲೆಲ್ಲಾ ಹೆಸರಾದದ್ದು. ಊರಿನ ಹೆಸರಿನಿಂದಲೇ ಅದಕ್ಕೆ ಸರಕಾರದ ಭೌಗೋಳಿಕ ಗುರುತು ದೊರೆತಿದೆ. ಬೇರೆ ಬಾಳೆಗಳು ಸುಮಾರು ಒಂದು ವರುಷದಲ್ಲಿ ಗೊನೆ ಕೊಟ್ಟರೆ ಇದಕ್ಕೆ ಸುಮಾರು 18 ತಿಂಗಳು ಬೇಕು. ಗೊಬ್ಬರವೂ ನೀರೂ ಆಳುಗಳೂ ಹೆಚ್ಚು ಬೇಕು. 18 ತಿಂಗಳೆಂದರೆ ಯಾವಾಗ ನೆಟ್ಟರೂ ಒಂದು ಬೇಸಿಗೆಯನ್ನಾದರೂ ದಾಟದೆ ಅದು ಫಲಕ್ಕೆ ಬಾರದು. ಒಂದು ಬೇಸಿಗೆಯಲ್ಲಿ ಹಳ್ಳವೂ ಬಾವಿಯೂ ಬತ್ತಿದರೆ ಒಂದೂವರೆ ವರುಷದ ದುಡಿಮೆಯು ನಿಂತಲ್ಲೇ ಒಣಗುವದು. ಕಣಿವೆಯಿಂದ ಮೇಲಕ್ಕೆ ಬಂದರೆ ಎರೆ ಭೂಮಿ. ಅಲ್ಲಿ ತೊಗರಿಯೇ ಒಕ್ಕಲಿಗನ ಜೀವ. ಕಲಬುರಗಿಯ ತೊಗರಿ ಬೇಳೆಗೂ 2019ರಲ್ಲಿ ಅದೇ ಬಗೆಯ ಗುರುತು ಸಿಕ್ಕಿತು. ಆದರೆ ಗುರುತಿನ ಚೀಟಿಯು ಮಳೆಯನ್ನು ತಾರದು. 2020ರ ಅಕ್ಟೋಬರಿನಲ್ಲಿ ಭೀಮಾ ನದಿಯು ಉಕ್ಕಿ ಜಿಲ್ಲೆಯ ಅಫಜಲಪುರ, ಜೇವರ್ಗಿ ಸೀಮೆಗಳ ಹಳ್ಳಿಗಳಿಗೆ ನುಗ್ಗಿತು. 2023ರಲ್ಲಿ ಮಳೆಯು ಕೈಕೊಟ್ಟು ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರಕಾರವು ಸಾರಿತು. 2025ರ ಸೆಪ್ಟೆಂಬರಿನಲ್ಲಿ ಭೀಮೆಯು ಮತ್ತೆ ದಂಡೆ ಮೀರಿದಳು. ಕೂಲಿಯವನಿಗೆ ನೆರೆಯೂ ಒಂದೇ, ಬರವೂ ಒಂದೇ. ಎರಡರಲ್ಲಿಯೂ ಅವನು ಮೂಟೆ ಕಟ್ಟಿಕೊಂಡು ಮುಂಬಯಿಗೋ ಹೈದರಾಬಾದಿಗೋ ಬೆಂಗಳೂರಿಗೋ ಹೋಗುವನು.

ಇಂಥ ಕೇಡಿನ ಮುಂದೆ ಹಿರಿಯರು ಏನು ಮಾಡಿದರು? ಅವರು ಮಳೆಯು ಯಾಕೆ ತಪ್ಪುವದೆಂದು ಅರಿಯರು. ಆದರೆ ತಪ್ಪುವದೆಂದು ಅರಿತಿದ್ದರು. ಆದದರಿಂದ ಒಳ್ಳೆಯ ವರುಷದ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ, ಬಾಯಿ ಮುಚ್ಚಿ, ಕೆಟ್ಟ ವರುಷಕ್ಕೆ ಕಾದಿಟ್ಟರು. ಹಗೇವನ್ನು ತೋಡುವದಕ್ಕೆ ಮುಂಗಾರಿನ ಮೂಲವನ್ನು ಬಲ್ಲ ಪಂಡಿತರ ಅಭಿಪ್ರಾಯವು ಬೇಕಾಗಿರಲಿಲ್ಲ.

ಕಲಬುರಗಿ ಪಟ್ಟಣವು 1347ರಿಂದ ಬಹಮನಿ ಅರಸರ ರಾಜಧಾನಿಯಾಗಿತ್ತಷ್ಟೆ. ಅವರಲ್ಲಿ ಎರಡನೆಯ ಮುಹಮ್ಮದ ಶಾಹನು 1378ರಿಂದ 1397ರ ವರೆಗೆ ಆಳಿದನು. ಅವನ ಕಾಲದಲ್ಲಿ ದೊಡ್ಡ ಬರವು ಬಿದ್ದಾಗ ಅವನು 10,000 ಎತ್ತುಗಳನ್ನು ಬೊಕ್ಕಸದ ಖರ್ಚಿನಿಂದ ಮಾಳವಕ್ಕೂ ಗುಜರಾತಿಗೂ ಕಳುಹಿಸಿ, ಕಾಳನ್ನು ತರಿಸಿ, ಕಡಿಮೆ ಬೆಲೆಗೆ ಮಾರಿಸಿದನೆಂದು ಫೆರಿಷ್ತಾ ಎಂಬ ಚರಿತ್ರೆಕಾರನು ಬರೆದಿದ್ದಾನೆ. ಈ ನೆರವು ಎಲ್ಲಾ ಜಾತಿಮತಗಳವರಿಗೆ ಸಮವಾಗಿ ದೊರೆಯಲಿಲ್ಲವೆಂದು ಕೆಲವು ಚರಿತ್ರೆಕಾರರು ಹೇಳುವರು. ಹಾಗಿದ್ದರೆ ಅದು ಕುಂದೇ ಸರಿ. ಆದರೂ ಆ ಎತ್ತುಗಳು ಹೊರಟದ್ದು ಬರದ ಕಾರಣವನ್ನು ತಿಳಿದ ಮೇಲಲ್ಲ. ಹಸಿವನ್ನು ಕಂಡ ಮೇಲೆ.

ಇದಕ್ಕೆ ಪ್ರತಿಯಾಗಿ ಇನ್ನೊಂದು ಕಾಲವನ್ನು ನೋಡಿರಿ. 1876ರಿಂದ 1878ರ ವರೆಗೆ ಮದ್ರಾಸು, ಮೈಸೂರು, ಮುಂಬಯಿ ಕರ್ನಾಟಕ ಮತ್ತು ನಿಜಾಮನ ಸೀಮೆಯ ತೆಂಕಣ ಭಾಗಗಳಲ್ಲಿ ಬಿದ್ದ ಮಹಾ ಕ್ಷಾಮದಲ್ಲಿ 50 ಲಕ್ಷಕ್ಕೂ ಮೇಲ್ಪಟ್ಟು ಜನರು ಸತ್ತರು. ಆಗ ವಿದ್ವಾಂಸರಲ್ಲಿ ಒಂದು ದೊಡ್ಡ ಚರ್ಚೆಯು ಎದ್ದಿತು: ಸೂರ್ಯನ ಮೇಲೆ ಕಾಣುವ ಕಪ್ಪು ಕಲೆಗಳಿಂದ ಮಳೆಯು ತಪ್ಪುವದೋ ಎಂದು. ಹಂಟರ್ ಎಂಬ ಸರಕಾರದ ಅಧಿಕಾರಿಯು 1877ರಲ್ಲಿ ಮದ್ರಾಸಿನ ಮಳೆಯ ಲೆಕ್ಕವನ್ನು ಆ ಕಲೆಗಳ ಲೆಕ್ಕದೊಂದಿಗೆ ಜೋಡಿಸಿ ಗ್ರಂಥವನ್ನೇ ಬರೆದನು. ಅದೇ ವರುಷ ರಿಚರ್ಡ್ ಟೆಂಪಲ್ ಎಂಬವನು ಕ್ಷಾಮದ ಕೆಲಸಕ್ಕೆ ಬಂದ ಕೂಲಿಗೆ ದಿನಕ್ಕೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಕಾಳೂ ಸ್ವಲ್ಪ ಕಾಸೂ ಸಾಕೆಂದು ಗೊತ್ತುಮಾಡಿದನು. ಇಷ್ಟರಿಂದ ದುಡಿಯುವ ದೇಹವು ಉಳಿಯದೆಂದು ಮದ್ರಾಸಿನ ವೈದ್ಯಾಧಿಕಾರಿ ಕಾರ್ನಿಶ್ ಎಂಬವನು ವಾದಿಸಬೇಕಾಯಿತು. ಕಾಳು ಮಾತ್ರ ಹಡಗು ಹತ್ತಿ ಹೊರದೇಶಗಳಿಗೆ ಹೋಗುತ್ತಲೇ ಇತ್ತು.

ಆ ಬರಕ್ಕೆ ಕಾರಣವು ಸೂರ್ಯನ ಕಲೆಯಾಗಿರಲಿಲ್ಲ. ದೂರದ ಪೆಸಿಫಿಕ್ ಸಾಗರದ ನೀರು ಕೆಲವು ವರುಷಗಳಲ್ಲಿ ಹೆಚ್ಚಾಗಿ ಬಿಸಿಯೇರುವದರಿಂದ ನಮ್ಮ ಮುಂಗಾರು ಕುಂದುವದೆಂದು ಮೆಲ್ಲಮೆಲ್ಲಗೆ ತಿಳಿದುಬಂತು. ಹಿಂದೂದೇಶದ ಹವಾಮಾನ ಇಲಾಖೆಯ ಮುಖ್ಯಸ್ಥನಾಗಿದ್ದ ಗಿಲ್ಬರ್ಟ್ ವಾಕರನು 1920ರ ದಶಕದಲ್ಲಿ ಗಾಳಿಯ ಒತ್ತಡದ ತೂಗಾಟವನ್ನು ಕಂಡುಹಿಡಿದನು. ಅದಕ್ಕೂ ಸಾಗರದ ಬಿಸಿಗೂ ಇರುವ ನಂಟನ್ನು 1969ರಲ್ಲಿ ಬ್ಯೆರ್ಕ್ನೆಸ್ ಎಂಬವನು ವಿವರಿಸಿದನು. ಅಂದರೆ ಕಾರಣವು ಸ್ಪಷ್ಟವಾಗುವದಕ್ಕೆ 90 ವರುಷಗಳ ಮೇಲೆ ಹಿಡಿಯಿತು. ಹಸಿದವನು 90 ವರುಷ ಕಾಯಬಲ್ಲನೇ? ಸರಕಾರವು ಸಹ ಕಡೆಗೆ ಕಾಯಲಿಲ್ಲ. 1883ರಲ್ಲಿ ಹೊರಟ ಕ್ಷಾಮದ ಕಟ್ಟಳೆಯಲ್ಲಿ ಸೂರ್ಯನ ಕಲೆಗಳ ಮಾತಿಲ್ಲ. ಕಾಳಿನ ಬೆಲೆಯು ಏರಿತೋ, ಜನರು ಊರು ಬಿಡುತ್ತಿರುವರೋ, ಇವನ್ನು ನೋಡಿ ಕೆಲಸವನ್ನು ತೆರೆಯಬೇಕೆಂಬದೇ ಅದರ ಸಾರ. ಇದರಿಂದ ನಾವು ಕಲಿಯತಕ್ಕದ್ದೇನಂದರೆ, ಬರವು ಮನುಷ್ಯನ ತಪ್ಪಿನಿಂದ ಬಾರದೆ ಇರಬಹುದು; ಆದರೆ ಬರದಲ್ಲಿ ಸಾಯುವವರ ಲೆಕ್ಕವು ಬಹಳ ಮಟ್ಟಿಗೆ ಮನುಷ್ಯರ ಕೈಯಲ್ಲಿಯೇ ಇರುವದು.

ಇದೇ ಸತ್ಯವು ನಮ್ಮ ಪಟ್ಟಣದಲ್ಲಿ ಪ್ರತಿ ಬೇಸಿಗೆಗೆ ಒಂದು ಚಿಕ್ಕ ರೂಪದಿಂದ ಕಾಣಿಸುವದು. ಕಲಬುರಗಿ ವಿಭಾಗದ ಸರಕಾರೀ ಕಚೇರಿಗಳು ಏಪ್ರಿಲ್ ಮೇ ತಿಂಗಳುಗಳಲ್ಲಿ ಬೆಳಿಗ್ಗೆ 8 ಗಂಟೆಗೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವದು ಅನೇಕ ವರುಷಗಳ ವಾಡಿಕೆ. ಇದು ಒಳ್ಳೆಯ ಏರ್ಪಾಡು. ಈ ಅಪ್ಪಣೆಯನ್ನು ಹೊರಡಿಸುವ ಮುಂಚೆ ಬಿಸಿಲಿಗೆ ಕಾರಣವು ಹೊಗೆಯೋ, ಸೂರ್ಯನೋ, ಕಲಿಯುಗವೋ ಎಂದು ಯಾರಾದರೂ ಕೇಳಿದರೋ? ಕೇಳಲಿಲ್ಲ, ಕೇಳತಕ್ಕ ಅಗತ್ಯವೂ ಇರಲಿಲ್ಲ. ಉದ್ಯೋಗ ಖಾತರಿಯ ಕೆಲಸದಲ್ಲಿಯೂ ಬೇಸಿಗೆಯಲ್ಲಿ ಅಗೆಯುವ ಅಳತೆಯನ್ನು ತಗ್ಗಿಸಿದ ವರುಷಗಳುಂಟು. ಆದರೆ ಇಟ್ಟಿಗೆ ಹೊರುವ ಹೆಂಗಸಿಗೆ, ರಸ್ತೆಗೆ ಡಾಂಬರು ಸುರಿಯುವವನಿಗೆ, ಕಲ್ಲಿನ ಗಣಿಯಲ್ಲಿ ಬಡಿಯುವವನಿಗೆ ನೆರಳೂ ನೀರೂ ಹೊತ್ತಿನ ಬದಲಾವಣೆಯೂ ಬೇಕೆಂದಾಗ ಮಾತ್ರ ನಾವು ಕಾರಣದ ಚರ್ಚೆಯನ್ನು ಎತ್ತುತ್ತೇವೆ. ಪಂಕದ ಕೆಳಗೆ ಕೂತವನ ವಿಷಯದಲ್ಲಿ ಬೇಡವಾದ ವಾದವು ಬಿಸಿಲಿನಲ್ಲಿ ನಿಂತವನ ವಿಷಯದಲ್ಲಿ ಯಾಕೆ ಬೇಕಾಯಿತು? ಇದನ್ನು ಪ್ರತಿಯೊಬ್ಬನು ತನ್ನ ಮನಸ್ಸಿನಲ್ಲಿ ವಿಚಾರಿಸಿಕೊಳ್ಳಲಿ.

ಅಹಮದಾಬಾದಿನ ಜನರು ಇದನ್ನು ಬಹಳ ಬೆಲೆ ಕೊಟ್ಟು ಕಲಿತರು. 2010ರ ಮೇ ತಿಂಗಳಿನ ಬೇಗೆಯಲ್ಲಿ ಆ ಪಟ್ಟಣದಲ್ಲಿ ವಾಡಿಕೆಗಿಂತ 1,300ಕ್ಕೂ ಹೆಚ್ಚು ಸಾವುಗಳು ಆದವು. 2013ರಲ್ಲಿ ಅಲ್ಲಿಯ ನಗರಸಭೆಯು ಒಂದು ಏರ್ಪಾಡನ್ನು ಮಾಡಿತು: ಬೇಗೆ ಬರುವದನ್ನು ಜನರಿಗೆ ಮುಂಚೆಯೇ ತಿಳಿಸುವದು, ಕುಡಿಯುವ ನೀರನ್ನು ಇಡಿಸುವದು, ಆಸ್ಪತ್ರೆಗಳನ್ನು ಸಿದ್ಧವಾಗಿಡುವದು. ಇದರಲ್ಲಿ ಬಡ ಊರು ಮಾಡಲಾರದ್ದು ಯಾವದು?

2. ಕಾರಣವನ್ನು ಕೇಳಿಯೇ ಮಾಡತಕ್ಕದ್ದು

ಇಷ್ಟು ಹೇಳಿದ ಮೇಲೆ, ಹಾಗಾದರೆ ಕಾರಣದ ಗೊಡವೆಯೇ ಬೇಡ, ಕೆಲಸ ಮಾಡಿದರೆ ಸಾಕು ಎಂದು ಯಾರಾದರೂ ಹೇಳಿಯಾರು. ಈ ಮಾತು ಕೇಳುವದಕ್ಕೆ ಇಂಪಾಗಿದ್ದರೂ ಅರ್ಧ ಸತ್ಯವೇ. ಕಾರಣವನ್ನು ಕೇಳದೆ ಮಾಡಿದ ಕೆಲಸವು ಕೆಲವು ಸಾರಿ ಕೇಡನ್ನೇ ಹೆಚ್ಚಿಸುವದು. ಕೊಳವೆ ಬಾವಿಯನ್ನೇ ನೋಡಿರಿ. ನಮ್ಮ ಜಿಲ್ಲೆಯ ಬಡಗಣ ಭಾಗದ ನೆಲದ ಕೆಳಗೆ ಇರುವದು ಕರಿ ಬಂಡೆ. ಅದರಲ್ಲಿ ನೀರು ಕೆರೆಯಂತೆ ನಿಂತಿರುವದಿಲ್ಲ. ಬಿರುಕುಗಳಲ್ಲಿಯೂ ಸವೆದ ಪದರುಗಳಲ್ಲಿಯೂ ಮಾತ್ರ ಇರುವದು. ಬಾವಿ ಬತ್ತಿತೆಂದು ಒಬ್ಬನು ಕೊರೆಸುವನು. ಅವನ ಕೊಳವೆಯು ನೆರೆಯವನ ಬಾವಿಯ ನೀರನ್ನು ಎಳೆಯುವದು. ಅವನು ಇನ್ನೂ ಆಳಕ್ಕೆ ಕೊರೆಸುವನು. ಮಳೆಯ ನೀರು ನೆಲಕ್ಕೆ ಇಂಗದೆ ಇರುವದೇ ಕೊರತೆಯ ಮೂಲವಾಗಿರುವಾಗ ನೂರು ಕೊಳವೆಗಳು ಮೊಳಕೆಯ ಬೀಜವನ್ನು ತಿಂದುಬಿಟ್ಟ ಹಾಗೆ ಆಗುವವು. ಕೈಯಲ್ಲಿ ಕೆಲಸವಿತ್ತು, ಖರ್ಚೂ ಆಯಿತು. ವಿಚಾರವು ಮಾತ್ರ ಇರಲಿಲ್ಲ.

ಒಳ್ಳೆಯ ದೃಷ್ಟಾಂತವು ತೊಗರಿಯಲ್ಲಿದೆ. ತೊಗರಿಗೆ ಬರುವ ನೆಟೆ ರೋಗವನ್ನು ನಮ್ಮ ಸೀಮೆಯ ಒಕ್ಕಲಿಗರೆಲ್ಲರೂ ಬಲ್ಲರು. ಹೂವು ಕಾಯಿಗಳಿಂದ ತುಂಬಿದ ಗಿಡವು ನಿಂತಲ್ಲೇ ಒಣಗುವದು. 2022ರ ಮುಂಗಾರಿನ ತೊಗರಿಯು ಈ ರೋಗದಿಂದ ಕಲಬುರಗಿ ಜಿಲ್ಲೆಯಲ್ಲಿ ಬಹಳ ಹಾಳಾಯಿತು. ಹಿಂದಿನವರಿಗೆ ಇದರ ಕಾರಣವು ತಿಳಿದಿರಲಿಲ್ಲ. ಆದರೂ ಅವರು ಜೋಳದ ಸಾಲುಗಳ ನಡುವೆ ತೊಗರಿಯನ್ನು ಅಕ್ಕಡಿಯಾಗಿ ಬಿತ್ತುತ್ತಿದ್ದರು. ಒಂದು ಹೋದರೆ ಇನ್ನೊಂದು ಉಳಿಯಲಿ ಎಂಬದು ಅವರ ಎಣಿಕೆ. ಜೋಳದೊಂದಿಗೆ ಬೆಳೆದ ತೊಗರಿಗೆ ನೆಟೆಯು ಕಡಿಮೆಯಾಗಿ ಬರುವದೆಂದು ಶಾಸ್ತ್ರಜ್ಞರ ಪರೀಕ್ಷೆಗಳಿಂದ ಆಮೇಲೆ ಗೊತ್ತಾಯಿತು. ಇದು ಕಾರಣವನ್ನು ಅರಿಯದೆ ಮಾಡಿದ ಒಳ್ಳೆಯ ಕೆಲಸ.

ಆದರೆ ಅಲ್ಲಿಗೇ ನಿಂತಿದ್ದರೆ ಏನಾಗುತ್ತಿತ್ತು? 1906ರಲ್ಲಿ ಬಟ್ಲರ್ ಎಂಬ ಶಾಸ್ತ್ರಜ್ಞನು ಈ ರೋಗವನ್ನು ಪರೀಕ್ಷಿಸಿ, ಇದು ಮಣ್ಣಿನಲ್ಲಿ ವಾಸಿಸುವ ಒಂದು ಬೂಷ್ಟಿನಿಂದ ಬರುವದೆಂದು ವಿವರಿಸಿದನು. ಆ ಬೂಷ್ಟು ಬೇರಿನ ದಾರಿಯಿಂದ ಒಳಗೆ ಸೇರಿ, ನೀರು ಏರುವ ನಾಳಗಳನ್ನು ಕಟ್ಟಿಬಿಡುವದು. ಬೆಳೆಯನ್ನು ಕೊಯ್ದ ಮೇಲೆಯೂ ವರುಷಗಟ್ಟಲೆ ಮಣ್ಣಿನಲ್ಲಿ ಜೀವಿಸಿರುವದು. ಕಾರಣವು ತಿಳಿದದ್ದರಿಂದಲೇ ರೋಗವುಳ್ಳ ಮಣ್ಣಿನಲ್ಲಿ ಬೇಕೆಂದು ಬಿತ್ತಿ, ಸಾಯದೆ ಉಳಿದ ಗಿಡಗಳ ಬೀಜವನ್ನು ಆರಿಸುವದು ಸಾಧ್ಯವಾಯಿತು. ಹೈದರಾಬಾದಿನ ಬಳಿಯ ಪಟಾನಚೆರುವಿನ ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ಹಾಗೆ ಆರಿಸಿದ ಒಂದು ತಳಿಯು 1986ರಲ್ಲಿ 'ಮಾರುತಿ' ಎಂಬ ಹೆಸರಿನಿಂದ ಕರ್ನಾಟಕದ ಒಕ್ಕಲಿಗರ ಕೈಗೆ ಬಂದಿತು. ಮುಂದೆ ಕಲಬುರಗಿಯ ಸಂಶೋಧನಾ ಕೇಂದ್ರದಿಂದಲೂ ಬೇರೆ ತಳಿಗಳು ಹೊರಟವು. ನೋಡಿರಿ, ಅಕ್ಕಡಿಯು ಹಾನಿಯನ್ನು ತಗ್ಗಿಸಿತು. ಕಾರಣದ ಅರಿವು ರೋಗಕ್ಕೆ ಎದುರು ನಿಲ್ಲುವ ಬೀಜವನ್ನು ಕೊಟ್ಟಿತು. ಒಂದನ್ನು ಮಾಡಿ ಮತ್ತೊಂದನ್ನು ಬಿಡುವದು ಬುದ್ಧಿಯಲ್ಲ.

ಹಾಗಾದರೆ ಈ ಬೇಗೆಯ ಕಾರಣವೇನು? ಇದು ಈಗ ಗುಟ್ಟಾಗಿ ಉಳಿದಿಲ್ಲ. ಗಾಳಿಯಲ್ಲಿರುವ ಇಂಗಾಲಾಮ್ಲ ವಾಯುವು ಭೂಮಿಯ ಕಾವನ್ನು ಕಂಬಳಿಯಂತೆ ಹಿಡಿದುಕೊಳ್ಳುವದೆಂದು 19ನೆಯ ಶತಮಾನದಲ್ಲಿಯೇ ತಿಳಿದಿತ್ತು. ಕಲ್ಲಿದ್ದಲು ಸುಡುವದರಿಂದ ಅದು ಹೆಚ್ಚಿದರೆ ಭೂಮಿಯು ಎಷ್ಟು ಬಿಸಿಯಾದೀತೆಂದು ಸ್ವೀಡನ್ ದೇಶದ ಅರ್ಹೇನಿಯಸನು 1896ರಲ್ಲಿ ಲೆಕ್ಕ ಹಾಕಿದನು. ಕಾರಖಾನೆಗಳ ಯುಗಕ್ಕೆ ಮುಂಚೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಸುಮಾರು 280 ಪಾಲು ಇದ್ದ ಆ ವಾಯುವು ಈಗ 420ನ್ನು ಮೀರಿದೆ. 1850ರಿಂದ 1900ರ ವರೆಗಿನ ಕಾಲಕ್ಕೆ ಹೋಲಿಸಿದರೆ 2011ರಿಂದ 2020ರ ವರೆಗಿನ ದಶಕದಲ್ಲಿ ಭೂಮಿಯು ಸುಮಾರು 1.1 ಡಿಗ್ರಿ ಹೆಚ್ಚು ಬಿಸಿಯಾಗಿತ್ತು. 2024ನೆಯ ವರುಷವೊಂದೇ ಸುಮಾರು 1.5 ಡಿಗ್ರಿಗೆ ಮುಟ್ಟಿತು. ಸೂರ್ಯನೇ ಹೆಚ್ಚು ಉರಿಯುತ್ತಿರಬಹುದೆಂದು ಕೆಲವರು ಹೇಳುವರು. ಆದರೆ 1978ರಿಂದ ಆಕಾಶದಲ್ಲಿ ತಿರುಗುವ ಉಪಗ್ರಹಗಳು ಸೂರ್ಯನ ಕಿರಣವನ್ನು ಅಳೆಯುತ್ತಾ ಬಂದಿವೆ. ಈ ಬಿಸಿಗೆ ತಕ್ಕ ಹೆಚ್ಚಳವು ಅದರಲ್ಲಿ ಕಂಡುಬಂದಿಲ್ಲ. ಮತ್ತು ಸೂರ್ಯನೇ ಕಾರಣವಾಗಿದ್ದರೆ ವಾಯುಮಂಡಲದ ಮೇಲಣ ಪದರವೂ ಬಿಸಿಯಾಗಬೇಕಿತ್ತು, ಅದು ತಣ್ಣಗಾಗಿದೆ. ಕಂಬಳಿ ಹೊದ್ದವನ ಮೈ ಬೆಚ್ಚಗಾಗಿ, ಕಂಬಳಿಯ ಹೊರಗೆ ಚಳಿಯೇ ಇರುವ ಹಾಗೆ ಇದು. ಆದಕಾರಣ ಜಗತ್ತಿನ ಶಾಸ್ತ್ರಜ್ಞರು ಕೂಡಿ 2021ರಲ್ಲಿ ಕೊಟ್ಟ ವರದಿಯಲ್ಲಿ, ಮನುಷ್ಯರ ಕೆಲಸದಿಂದಲೇ ಭೂಮಿಯು ಬಿಸಿಯಾಗಿದೆ ಎಂಬದು ನಿಸ್ಸಂದೇಹವೆಂದು ಹೇಳಿದರು.

ಇಲ್ಲಿ ಒಂದು ಎಚ್ಚರಿಕೆಯು ಬೇಕು. ಭೀಮೆಯ ಈ ನೆರೆಯು, ಕಮಲಾಪುರದ ಈ ಬರವು, ಹೊಗೆಯೊಂದರಿಂದಲೇ ಬಂತೆಂದು ಬೆರಳಿಟ್ಟು ತೋರಿಸುವದು ಸುಲಭವಲ್ಲ. ನೆರೆಬರಗಳು ಹಿಂದೆಯೂ ಇದ್ದವು. ಪೇಟೆಯಲ್ಲಿ ಒಬ್ಬ ವ್ಯಾಪಾರಿಯು ಕಳ್ಳ ತೂಕದ ಕಲ್ಲನ್ನು ಇಟ್ಟುಕೊಂಡರೆ ಒಂದು ಚೀಲದ ತೂಕದಿಂದ ಮೋಸವು ಗೊತ್ತಾಗದು. ಕಾಳು ಒಣಗಿತ್ತೋ, ಚೀಲ ಸೋರಿತೋ ಎಂದು ಹೇಳಬಹುದು. ಒಂದು ಸುಗ್ಗಿಯ ಲೆಕ್ಕವನ್ನೆಲ್ಲಾ ಕೂಡಿಸಿ ನೋಡಿದರೆ ಮಾತ್ರ ಕಲ್ಲು ಸುಳ್ಳೆಂದು ತಿಳಿಯುವದು. ಹಾಗೆಯೇ ಬಿಸಿಯಾದ ಗಾಳಿಯು ಒಂದು ಡಿಗ್ರಿಗೆ ನೂರರಲ್ಲಿ ಸುಮಾರು ಏಳು ಪಾಲು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲದು. ನೆಲದಿಂದ ಹೆಚ್ಚು ಹೀರಿ, ಸುರಿಯುವಾಗ ಹೆಚ್ಚು ಸುರಿಯುವದು. ಒಣಗೂ ನೆರೆಯೂ ಎರಡೂ ಬಲವಾಗುವದು ಈ ಸುಳ್ಳು ಕಲ್ಲಿನಿಂದಲೇ.

ಕಾರಣವು ಇದೇ ಆದ ಮೇಲೆ ಕೆರೆಯ ಹೂಳು ತೆಗೆದರಷ್ಟೇ ಸಾಲದು. ಕಂಬಳಿಯ ಮೇಲೆ ಕಂಬಳಿಯನ್ನು ಹೊದಿಸುತ್ತಾ ಬೀಸಣಿಗೆಯಿಂದ ಗಾಳಿ ಹಾಕುವವನು ರೋಗಿಯನ್ನು ಉಳಿಸಲಾರನು. ಹೊಗೆಯನ್ನು ತಗ್ಗಿಸುವದು ಕಾರಣವನ್ನು ಬಲ್ಲವರ ಕರ್ತವ್ಯ.

3. ಹೊರೆಯು ಯಾರದು?

ಈಗ ಕಮಲಾಪುರದ ಒಕ್ಕಲಿಗನು ನ್ಯಾಯವಾಗಿ ಕೇಳಿಯಾನು: "ಎರಡು ಎತ್ತು ಕಟ್ಟಿಕೊಂಡ ನಾನು ಯಾವ ಹೊಗೆ ಬಿಟ್ಟೆನು? ನನ್ನ ಮೇಲೆ ಈ ಹೊರೆ ಯಾಕೆ?" ಇದಕ್ಕೆ ಉತ್ತರ ಕೊಡುವದಕ್ಕೂ ಕಾರಣದ ವಿಚಾರವೇ ಬೇಕು. ಹಿಂದೂದೇಶದಲ್ಲಿ ತಲೆಗೆ ವರುಷಕ್ಕೆ ಸುಮಾರು 2 ಟನ್ ಇಂಗಾಲಾಮ್ಲ ವಾಯುವು ಹೊರಡುವದು. ಅಮೇರಿಕದಲ್ಲಿ ಸುಮಾರು 14 ಟನ್. ಇಂದಿನ ವರೆಗೆ ಇದ್ದಲು ಎಣ್ಣೆಗಳನ್ನು ಸುಟ್ಟು ಗಾಳಿಗೆ ಸೇರಿಸಿದ ಮೊತ್ತದಲ್ಲಿ ಹೆಚ್ಚುಕಡಿಮೆ ಕಾಲು ಪಾಲು ಆ ಒಂದೇ ದೇಶದ್ದು. 'ಮಾಡಿದ್ದುಣ್ಣೋ ಮಹಾರಾಯ' ಎಂಬ ಗಾದೆಯು ಇಲ್ಲಿ ತಲೆಕೆಳಗಾಗಿದೆ: ಮಾಡಿದವನು ಒಬ್ಬನು, ಉಣ್ಣುವವನು ಇನ್ನೊಬ್ಬನು. 2022ರಲ್ಲಿ ಈಜಿಪ್ತಿನ ಶರ್ಮ್ ಎಲ್ ಶೇಖ್ ಎಂಬಲ್ಲಿ ಕೂಡಿದ ರಾಜ್ಯಗಳು, ಹೀಗೆ ನಷ್ಟಪಟ್ಟ ಬಡ ದೇಶಗಳಿಗಾಗಿ ಒಂದು ನಿಧಿಯನ್ನು ಸ್ಥಾಪಿಸಬೇಕೆಂದು ಒಪ್ಪಿದವು. ಕಾರಣವನ್ನು ಕೇಳುವದೇ ಬೇಡವೆಂದು ಹೇಳಿದ್ದರೆ ಈ ನ್ಯಾಯದ ಮಾತೇ ಹುಟ್ಟುತ್ತಿರಲಿಲ್ಲ. ಆದದರಿಂದ 'ಕಾರಣ ಯಾವದಾದರೇನು' ಎಂಬ ನುಡಿಯನ್ನು ಬಡವನು ಹೇಳಿದರೆ ಅದು ಧೈರ್ಯ. ಹೆಚ್ಚು ಹೊಗೆ ಬಿಟ್ಟವನು ಹೇಳಿದರೆ ಅದು ಸಾಲವನ್ನು ಮರೆಸುವ ಉಪಾಯವಾಗಬಹುದು. ಹೇಳುವವನು ಯಾರೆಂದು ನೋಡಿ ಆ ಮಾತನ್ನು ತೂಗಬೇಕು.

ಆದರೂ ನಮ್ಮ ಜಿಲ್ಲೆಯು ಈ ಲೆಕ್ಕದಿಂದ ಪೂರಾ ಹೊರಗಿಲ್ಲ. ಶಹಾಬಾದಿನ ಕಲ್ಲು ಹೆಸರಾದದ್ದು. ಅದೇ ಸುಣ್ಣಕಲ್ಲಿನ ಸೀಮೆಯಲ್ಲಿ ವಾಡಿ, ಸೇಡಂ ಊರುಗಳ ಸುತ್ತ ಸಿಮೆಂಟಿನ ಕಾರಖಾನೆಗಳು ನಡೆಯುತ್ತವೆ. ಶುದ್ಧವಾದ 100 ಕಿಲೋ ಸುಣ್ಣಕಲ್ಲನ್ನು ಸುಟ್ಟರೆ 56 ಕಿಲೋ ಸುಣ್ಣವು ಉಳಿದು, 44 ಕಿಲೋ ಇಂಗಾಲಾಮ್ಲ ವಾಯುವಾಗಿ ಹಾರಿಹೋಗುವದು. ಒಲೆಗೆ ಹಾಕುವ ಇದ್ದಲಿನ ಹೊಗೆಯು ಇದರ ಮೇಲೆ. ಜಗತ್ತಿನ ಇಂಥ ವಾಯುವಿನಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನದು. ಆ ಕಾರಖಾನೆಗಳಿಂದ ಸಾವಿರಾರು ಮನೆಗಳ ಒಲೆ ಉರಿಯುವದು ನಿಜ; ಅವನ್ನು ನಾಳೆಯೇ ಮುಚ್ಚಿರೆಂದು ಯಾರೂ ಹೇಳರು. ಆದರೆ ಬೇರೆ ಬಗೆಯ ಬೂದಿ ಮಣ್ಣುಗಳನ್ನು ಬೆರಸಿ ಸುಡುವ ಕಲ್ಲನ್ನು ಕಡಿಮೆ ಮಾಡುವದೂ, ಬೇಕಾದಷ್ಟೇ ಕಟ್ಟುವದೂ ಸಾಧ್ಯವಿದೆ. ಹೊರೆಯು ಶಕ್ತಿಗೂ ತಪ್ಪಿಗೂ ತಕ್ಕ ಹಾಗೆ ಹಂಚಿಕೆಯಾಗಲಿ; ಆದರೆ ಹಂಚಿಕೆಯು ತೀರುವ ತನಕ ಎಲ್ಲರೂ ಹೊರೆಯನ್ನು ಇಳಿಸಿ ಕೂತಿರುವದು ಬೇಡ.

4. ಸಂಶಯವೂ ಸೋಮಾರಿತನವೂ

ಸಂಶಯಪಡುವದು ಪಾಪವಲ್ಲ. ಬಟ್ಲರನೂ ವಾಕರನೂ ಸಂಶಯಪಟ್ಟದ್ದರಿಂದಲೇ ಸತ್ಯವು ಹೊರಬಿತ್ತು. ಆದರೆ ಎರಡು ಬಗೆಯ ಸಂಶಯಗಳುಂಟು. ಒಂದು, ತಿಳಿಯಬೇಕೆಂಬ ಸಂಶಯ. ಇನ್ನೊಂದು, ಏಳಬಾರದೆಂಬ ಸಂಶಯ. ಇವುಗಳನ್ನು ಬೇರ್ಪಡಿಸುವದು ಹೇಗಂದರೆ, ಸಂಶಯಪಡುವವನನ್ನು ಹೀಗೆ ಕೇಳಿರಿ: "ಅಯ್ಯಾ, ಯಾವ ಉತ್ತರವು ಬಂದರೆ ನೀನು ಎದ್ದು ಕೆಲಸಕ್ಕೆ ಹೋಗುವಿ?" ಮೊದಲನೆಯವನು ಏನಾದರೂ ಒಂದು ಉತ್ತರವನ್ನು ಹೇಳುವನು. ಎರಡನೆಯವನಿಗೆ ಯಾವ ಉತ್ತರವೂ ಸಾಲದು. ಹೊಗೆಯಿಂದಾಯಿತೆಂದರೆ ಅದು ದೊಡ್ಡವರ ತಪ್ಪು, ನಾನೇನು ಮಾಡಲಿ ಎನ್ನುವನು. ತಾನಾಗಿ ಆಯಿತೆಂದರೆ ತಾನಾಗಿ ಹೋಗುವದು ಎನ್ನುವನು. ದೇವರ ಸಿಟ್ಟೆಂದು ಹೇಳುವವನಿಗೆ ಒಂದೇ ಮಾತು ಸಾಕು: ಬಾಯಾರಿದವನಿಗೆ ನೀರು ಕೊಡಬೇಡವೆಂಬ ಅಪ್ಪಣೆಯು ಆ ಸಿಟ್ಟಿನಲ್ಲಿ ಎಲ್ಲಿಯೂ ಇಲ್ಲ.

ಕಾರಣವು ಯಾವದಾದರೂ ಒಳ್ಳೆಯದೇ ಆಗಿರುವ ಕೆಲಸಗಳು ನಮ್ಮ ಊರುಗಳಲ್ಲಿ ಬಹಳ ಉಂಟು. ಇಳಿಜಾರಿನ ಹೊಲಕ್ಕೆ ಒಡ್ಡು ಹಾಕಿದರೆ ಮಳೆ ಹೆಚ್ಚಾದ ವರುಷ ಮಣ್ಣು ಉಳಿಯುವದು, ಕಡಿಮೆಯಾದ ವರುಷ ತೇವ ಉಳಿಯುವದು. ಕೆರೆಯ ಹೂಳನ್ನು ತೆಗೆದು ಹೊಲಕ್ಕೆ ಹಾಕಿದರೆ ಕೆರೆಗೂ ಲಾಭ, ಹೊಲಕ್ಕೂ ಲಾಭ. ತೊಗರಿಯೊಂದನ್ನೇ ನಂಬದೆ ಜೋಳ, ಹೆಸರು, ಉದ್ದುಗಳನ್ನು ಕೂಡಿಸಿ ಬಿತ್ತಿದರೆ ಒಂದು ಬೆಳೆಯ ಕೇಡು ಮನೆಯ ಕೇಡಾಗದು. ಬದುವಿನ ಮೇಲೆ ಬೇವನ್ನು ಬೆಳೆಸಿದರೆ ದುಡಿಯುವವನಿಗೆ ನೆರಳು. ಬೇಸಿಗೆಯಲ್ಲಿ ದಾರಿಯ ಬದಿಗೆ ಅರವಟ್ಟಿಗೆಯನ್ನು ಇಡುವದಕ್ಕೆ ನಾಲ್ಕು ಗಡಿಗೆಗಳೂ ತುಂಬಿಸುವ ಒಂದು ಮನಸ್ಸೂ ಸಾಕು. ಕೂಲಿಗೆ ಕರೆದವನು ಮಧ್ಯಾಹ್ನದ ಮೂರು ತಾಸು ಕೆಲಸವನ್ನು ನಿಲ್ಲಿಸಿ, ದಿನಗೂಲಿಯನ್ನು ಮುರಿಯದೆ ಕೊಡುವದು ಕಾಯಿದೆಗಿಂತ ಮುಂಚೆ ಮನಸ್ಸಾಕ್ಷಿಯ ಮಾತು. ಇವುಗಳಲ್ಲಿ ಒಂದಾದರೂ ಶಾಸ್ತ್ರಜ್ಞರ ತೀರ್ಪಿಗೆ ಕಾಯತಕ್ಕದ್ದಲ್ಲ. 'ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ' ಎಂಬದು ನಮ್ಮವರೇ ಕಂಡ ಸತ್ಯ.

ಆದರೆ ಈ ಕೆಲಸಗಳನ್ನು ಮಾಡಿದೆವೆಂದು ಎರಡನೆಯ ಕರ್ತವ್ಯವನ್ನು ಮರೆಯದೆ ಇರೋಣ. ಮಕ್ಕಳಿಗೆ ಕಾರಣವನ್ನು ಕಲಿಸೋಣ. ಓಟು ಕೇಳುವದಕ್ಕೆ ಬಂದವರಿಗೆ, ಇದ್ದಲಿನ ಬದಲಾಗಿ ಏನು ಮಾಡುವಿರಿ, ಕಲ್ಲು ಸುಡುವ ಕಡೆ ಏನು ಕಡಿಮೆ ಮಾಡಿಸಿದಿರಿ, ನಮ್ಮ ಕೆರೆಗೆ ಏನು ಮಾಡಿದಿರಿ ಎಂದು ಕೇಳೋಣ. ಕೇಳುವದೂ ಒಂದು ಕೆಲಸವೇ, ಅದು ಕೆಲಸಕ್ಕೆ ಬದಲಾಗಿ ಮಾಡಿದ್ದಲ್ಲದೆ ಇದ್ದರೆ.

ಪ್ರಿಯ ವಾಚಕರೇ, ಓದಬಲ್ಲವರು ಇದನ್ನು ಓದಲಾರದವರಿಗೆ ಓದಿ ಹೇಳಿರಿ. ಊರ ಕಟ್ಟೆಯ ಮೇಲೆ ವಾದವು ನಡೆಯಲಿ, ತಪ್ಪೇನೂ ಇಲ್ಲ. ಆದರೆ ಮುಂದಿನ ಬೇಸಿಗೆಯು ಬರುವ ಮುಂಚೆ, ಹೊತ್ತು ಇರುವಾಗಲೇ ಒಂದು ಸಂಜೆ ಆ ವಾದವು ಕೆರೆಯ ಏರಿಯ ಮೇಲೆ, ಕೈಯಲ್ಲಿ ಸಲಿಕೆ ಬುಟ್ಟಿಗಳನ್ನು ಹಿಡಿದುಕೊಂಡು ನಡೆಯಲಿ.